ಕೊನೆಯವಳಿಗಾಗಿ ಕಾದ ನಿಮ್ಮೆಲ್ಲರಿಗೂ

ಭಾನುವಾರದ ಟ್ರೇಲ್ ರನ್ ಮುಗಿಸಿ ಮನೆಗೆ ಬಂದವಳೇ ಶೂ ಬಿಚ್ಚಿ ಎಡಗಾಲಿನ ಕಣಕಾಲನ್ನು ಒತ್ತಿ ನೋಡಿದೆ. ಊತ ಇಲ್ಲ. ನೋವೂ ಇಲ್ಲ. 9 ಕಿಲೋಮೀಟರ್ ಕಾಡುದಾರಿ, 300 ಮೀಟರ್ ಏರು, ಅಷ್ಟೇ ಇಳಿಜಾರು, ಅದೂ ಏಳು ತಿಂಗಳ ಮೇಲೆ! ತುಂಬಾ ಹೊತ್ತು ಹಾಗೇ ನೆಲದ ಮೇಲೆ ಕೂತಿದ್ದೆ. ನಮ್ಮ ಓಟದ ಕ್ಲಬ್ಬಿನ ಗ್ರೂಪಿನಲ್ಲಿ ಒಂದು ಥ್ಯಾಂಕ್ಸ್ ಹಾಕಿ ಸುಮ್ಮನಾಗೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಕಾಲು ಉಳುಕಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅದು ಹೇಗಾಯಿತು ಅಂತ ಮಾತ್ರ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಆಗ ನಾನು ಬೇರೊಂದು ತಂಡದ ಜೊತೆ ಓಡುತ್ತಿದ್ದೆ. ಎಲ್ಲರೂ ನನಗಿಂತ ಜೋರು. ಹಿಂದೆ ಬೀಳಬಾರದು ಅಂತ ಮುಂದಿನವರ ಬೆನ್ನನ್ನೇ ನೋಡುತ್ತಾ ಓಡುತ್ತಿದ್ದೆ, ನೆಲದ ಕಡೆ ಗಮನವೇ ಇರಲಿಲ್ಲ. ಒಣಗಿದ ಎಲೆಗಳ ಕೆಳಗೆ ಒಂದು ಬೇರು ಇತ್ತು. ಪಾದ ಒಳಕ್ಕೆ ಹೊರಳಿತು, ಟಕ್ ಅಂತ ಸದ್ದೂ ಕೇಳಿಸಿತು. ತಂಡ ಮುಂದೆ ಹೋಗಿಬಿಟ್ಟಿತ್ತು. ನಾನಿಲ್ಲ ಅಂತ ಅವರಿಗೆ ಗೊತ್ತಾಗಿದ್ದು ಓಟ ಮುಗಿದ ಮೇಲೆ. ಅಲ್ಲಿಯವರೆಗೆ ಒಬ್ಬಳೇ ಕೂತಿದ್ದೆ. ಕಾಲಿನ ನೋವು ಕೆಲವು ವಾರಗಳಲ್ಲಿ ಕಡಿಮೆಯಾಯಿತು, ಆ ಕೂತಿದ್ದ ಹೊತ್ತು ಮಾತ್ರ ಮನಸ್ಸಿನಿಂದ ಹೋಗಲೇ ಇಲ್ಲ.

ಮೊದಲ ಥ್ಯಾಂಕ್ಸ್ ನನ್ನ ಫಿಸಿಯೋಗೆ. ಉಳುಕು ಅಂದರೆ ಊತ ಇಳಿದ ಮೇಲೆ ಮುಗಿಯಿತು ಅಂತಲೇ ನಾನು ಅಂದುಕೊಂಡಿದ್ದೆ. ಹಾಗಲ್ಲ ಅಂತ ಕೂರಿಸಿಕೊಂಡು ವಿವರಿಸಿದ್ದು ಅವರು. ಕಣಕಾಲಿನ ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಹರಿದಾಗ, ಪಾದ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ತಿಳಿಸುವ ಸೂಕ್ಷ್ಮವೂ ಮಂಕಾಗುತ್ತದಂತೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಅದೂ ಒಂದು ಕಾರಣ. ಆ ಸೂಕ್ಷ್ಮವನ್ನು ಮತ್ತೆ ಕಲಿಸಬೇಕು. ದಿನಾ ಹಲ್ಲುಜ್ಜುವಾಗ ಎಡಗಾಲೊಂದರ ಮೇಲೆ ನಿಂತೆ. ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಮಡಿಸಿದ ದಿಂಬಿನ ಮೇಲೆ. ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು ಬೇರೆ. ಬೇಜಾರಿನ ಕೆಲಸ, ಆದರೂ ಬಿಡಲಿಲ್ಲ.

ಕಾಲು ಸಿದ್ಧವಾದರೂ ನಾನು ಸಿದ್ಧಳಾಗಿರಲಿಲ್ಲ. ರಸ್ತೆಯಲ್ಲಿ ಓಡುತ್ತಿದ್ದೆ, ಮಣ್ಣುದಾರಿ ಕಂಡರೆ ತಿರುಗಿ ಬರುತ್ತಿದ್ದೆ. ನಮ್ಮ ಕ್ಲಬ್ಬಿಗೆ ಸೇರಿ ಎರಡು ತಿಂಗಳಾದ ಮೇಲೆ ಟ್ರೇಲ್ ರನ್ ಇದೆ ಅಂತ ಮೆಸೇಜ್ ಬಂತು. 'ನಾನು ತುಂಬಾ ನಿಧಾನ, ನಿಮಗೆಲ್ಲ ತೊಂದರೆ' ಅಂತ ಬರೆದೆ. ಓಟ ನೋಡಿಕೊಳ್ಳುವ ಅಣ್ಣ ಐದೇ ನಿಮಿಷದಲ್ಲಿ ಉತ್ತರ ಕಳಿಸಿದರು: 'ನಮ್ಮಲ್ಲಿ ಕೊನೆಯವರು ಬಂದಾಗಲೇ ಓಟ ಮುಗಿಯೋದು. ಬನ್ನಿ.' ಅಣ್ಣ, ಆ ಮೆಸೇಜನ್ನು ಎಷ್ಟು ಸಲ ಓದಿಕೊಂಡೆನೋ ಲೆಕ್ಕವಿಲ್ಲ.

ಇನ್ನು ಸ್ವೀಪರ್ ಅಕ್ಕನ ವಿಷಯ. ಸ್ವೀಪರ್ ಅಂದರೆ ಯಾರೂ ಹಿಂದೆ ಉಳಿಯದ ಹಾಗೆ ಎಲ್ಲರಿಗಿಂತ ಕೊನೆಯಲ್ಲಿ ಬರುವವರು. ಓಡೋಕೆ ಮುಂಚೆ ಎಲ್ಲರೂ ಒಂದು, ಎರಡು ಅಂತ ತಮ್ಮ ತಮ್ಮ ನಂಬರ್ ಹೇಳಿದರು. ಹನ್ನೆರಡು ಜನ. ನನ್ನದು ಹನ್ನೊಂದು, ಅವರದು ಹನ್ನೆರಡು. ಅವರು ನನ್ನ ಶೂ ನೋಡಿದರು, ಏನೂ ಕೇಳದೆ ಮಂಡಿಯೂರಿ ಕೂತು ಲೇಸ್ ಬಿಚ್ಚಿದರು. ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದು ತೂತು ಇರುತ್ತದಲ್ಲ, ನಾವ್ಯಾರೂ ಬಳಸದ್ದು, ಅದರೊಳಗೆ ಲೇಸ್ ತೂರಿಸಿ ಎರಡೂ ಕಡೆ ಪುಟ್ಟ ಕುಣಿಕೆ ಮಾಡಿದರು. ಈ ಬದಿಯ ಲೇಸನ್ನು ಆ ಬದಿಯ ಕುಣಿಕೆಯಲ್ಲಿ ಹಾಯಿಸಿ ಕೆಳಕ್ಕೆ ಎಳೆದರು. ಹಿಮ್ಮಡಿ ಗಟ್ಟಿಯಾಗಿ ಕೂತಿತು. 'ಇಳಿಯುವಾಗ ಪಾದ ಮುಂದಕ್ಕೆ ಜಾರಲ್ಲ, ಬೆರಳು ಹೊಡೆಸಿಕೊಳ್ಳಲ್ಲ' ಅಂದರು. ಆಮೇಲೆ ತಮ್ಮ ಕೊರಳಲ್ಲಿದ್ದ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದರು. ಮೂರು ಸಲ ಊದಿದರೆ ಎಲ್ಲರೂ ನಿಲ್ಲುತ್ತಾರೆ ಅಂದರು.

ಏರಿನಲ್ಲಿ ಎಲ್ಲರೂ ನಡೆಯುತ್ತಿದ್ದುದನ್ನು ನೋಡಿ ನನಗೆ ಆಶ್ಚರ್ಯ. ಜೋರಾಗಿ ಓಡುವವರೂ ತೊಡೆಯ ಮೇಲೆ ಕೈ ಊರಿ, ಪುಟ್ಟ ಹೆಜ್ಜೆ ಹಾಕಿ ಹತ್ತುತ್ತಿದ್ದರು. ಮಾತಾಡೋಕೆ ಉಸಿರು ಸಾಲದಿದ್ದರೆ ಅದು ನಮ್ಮ ವೇಗ ಅಲ್ಲ ಅಂತ ಅಕ್ಕ ಹೇಳಿದರು. ಹಾಗಾಗಿ ಮಾತಾಡುತ್ತಲೇ ಹತ್ತಿದೆವು. ಮುಂದಿನಿಂದ 'ಬೇರು!' 'ಕಲ್ಲು!' ಅಂತ ಕೂಗು ಬರುತ್ತಿತ್ತು, ಒಬ್ಬರಿಂದ ಒಬ್ಬರಿಗೆ ದಾಟಿ ನನ್ನ ತನಕ. ಪ್ರತಿ ಕವಲಿನಲ್ಲೂ ಒಬ್ಬರು ನಿಂತಿರುತ್ತಿದ್ದರು. ಎರಡನೇ ಕವಲಿನಲ್ಲಿ ನಿಂತಿದ್ದ ಹುಡುಗ ಬೆವರು ಆರಿ ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದ. ನನ್ನನ್ನು ನೋಡಿದ ಕೂಡಲೇ 'ಬಂದ್ರಾ, ಈ ಕಡೆ!' ಅಂತ ನಕ್ಕ. ನಿನ್ನ ಹೆಸರು ಇಲ್ಲಿ ಬರೆಯಲ್ಲ ತಮ್ಮ, ಆದರೆ ಆ ನಗು ನೆನಪಿದೆ.

ನನಗೆ ಭಯ ಇದ್ದಿದ್ದು ಇಳಿಜಾರಿನದು. ಪಾದ ನೋಡಬೇಡಿ, ನಾಲ್ಕೈದು ಹೆಜ್ಜೆ ಮುಂದೆ ನೋಡಿ, ಹಿಂದಕ್ಕೆ ವಾಲಬೇಡಿ ಅಂತ ಅಕ್ಕ ಹಿಂದಿನಿಂದ ಹೇಳುತ್ತಲೇ ಇದ್ದರು. ಅರ್ಧ ಇಳಿದಿದ್ದೆವು. ಸಡಿಲ ಕಲ್ಲೊಂದರ ಮೇಲೆ ಎಡಗಾಲು ಬಿತ್ತು, ಪಾದ ಒಳಕ್ಕೆ ವಾಲಿತು, ಅದೇ ಕಾಲು, ಅದೇ ರೀತಿ. ನಾನು ಯೋಚಿಸುವ ಮೊದಲೇ ಕಾಲು ತಾನಾಗಿ ನೆಟ್ಟಗಾಯಿತು. ನಿಂತುಬಿಟ್ಟೆ. ಅಳು ಬಂತು. ಅಕ್ಕ ಪಕ್ಕದಲ್ಲಿ ಸುಮ್ನೆ ನಿಂತರು, ಅವಸರ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆಮೇಲೆ ನೀರಿನ ಬಾಟಲಿ ಕೊಟ್ಟು 'ಹೋಗೋಣ್ವಾ?' ಅಂದರು, ಅಷ್ಟೇ.

ಕೆಳಗೆ ಹತ್ತು ಜನ ಕಾಯುತ್ತಿದ್ದಿರಿ. ನಿಮ್ಮಲ್ಲಿ ಮೂವರು ಮುಗಿಸಿದವರೇ ವಾಪಸ್ ಹತ್ತಿ ಬಂದು ಕೊನೆಯ ಅರ್ಧ ಕಿಲೋಮೀಟರ್ ನಮ್ಮ ಜೊತೆ ಮತ್ತೆ ಓಡಿದಿರಿ. ಮತ್ತೆ ನಂಬರ್ ಎಣಿಸಿದಾಗ ನಾನು 'ಹನ್ನೊಂದು' ಅಂತ ಕೂಗಿದೆ, ಸ್ವಲ್ಪ ಜಾಸ್ತಿಯೇ ಜೋರಾಗಿ.

ಇವತ್ತು ಮಂಗಳವಾರ. ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಳ್ಳುತ್ತಿದೆ. ಇಳಿಜಾರಿನಲ್ಲಿ ಓಡಿದರೆ ನೋವು ಎರಡನೇ ದಿನವೇ ಜಾಸ್ತಿ ಅಂತ ನೀವು ಮೊದಲೇ ಹೇಳಿದ್ದಿರಲ್ಲ, ಹಾಗಾಗಿ ಗಾಬರಿಯಿಲ್ಲ.

ಅಕ್ಕ, ನಿಮ್ಮ ಸೀಟಿ ನನ್ನ ಹತ್ತಿರವೇ ಉಳಿದಿದೆ. ಮುಂದಿನ ಓಟಕ್ಕೆ ತಂದುಕೊಡುತ್ತೇನೆ. ಲೇಸ್ ನಾನೇ ಕಟ್ಟಿಕೊಂಡು ಬರುತ್ತೇನೆ, ಸರಿಯಾಗಿದೆಯಾ ಅಂತ ಒಮ್ಮೆ ನೋಡಿಬಿಡಿ.