ಕಾರ್ಬೊರೇಟರ್ ಡಬ್ಬಿಯ ಮೇಲೆ ಜೆಟ್ ನಂಬರ್ ಇರಲಿ

ಮಾನ್ಯ ಸಂಪಾದಕರೇ,

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ ಹೊರುವ ಹಳೇ ಪೆಟ್ರೋಲ್ ಪಿಕಪ್ ಜೀಪುಗಳು ಇನ್ನೂ ಓಡಾಡುತ್ತಿವೆ. ಅವುಗಳ ರಿಪೇರಿಯೇ ನನ್ನ ಕಸುಬು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಹಳೇ ಸೋಲೆಕ್ಸ್ ಕಂಪನಿಯ ಕಾರ್ಬೊರೇಟರ್ ಸವೆದುಹೋದರೆ ಕಂಪನಿ ಮಾಲು ಸಿಗುವುದು ಕಷ್ಟ. ಮಾಲೀಕರು ಪೇಟೆಯಿಂದ ಸಿಕ್ಕಿದ್ದನ್ನು ತಂದು ‘ಇದನ್ನೇ ಕೂರಿಸಪ್ಪ’ ಎನ್ನುತ್ತಾರೆ.

ಮೊನ್ನೆ ಹಾಗೆ ಬಂದ ಡಬ್ಬಿಯ ಮೇಲೆ ತಯಾರಕರ ಹೆಸರಿಲ್ಲ, ವಿಳಾಸವಿಲ್ಲ. ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗವಾದ ಮೇನ್ ಜೆಟ್ ಮೇಲೆ ನಂಬರೂ ಇಲ್ಲ. ಸೋಲೆಕ್ಸ್ ಜೆಟ್ಟಿನಲ್ಲಿ 120 ಎಂದರೆ ತೂತು 1.20 ಮಿ.ಮೀ. ಅದೇ ತಿಳಿಯದಿದ್ದರೆ ಟ್ಯೂನಿಂಗ್ ಮಾಡುವುದು ಹೇಗೆ? ಎಂಜಿನ್ ಕಡೆಗೆ ಕೂರುವ ತಳದ ಚಪ್ಪಟೆ ಅಂಚಿಗೆ, ಅಂದರೆ ಫ್ಲೇಂಜಿಗೆ, ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತಿತ್ತು. ಹಾಗೇ ಕೂರಿಸಿದರೆ ಅಲ್ಲಿ ಗಾಳಿ ಎಳೆದು, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಒಂದೇ ಸಮನೆ ಓಡುವುದಿಲ್ಲ. ನಟ್ ಬಿಗಿ ಮಾಡಿದಷ್ಟೂ ಫ್ಲೇಂಜಿನ ಕಿವಿಗಳು ಇನ್ನಷ್ಟು ಬಾಗುತ್ತವೆ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ತೇಯ್ದು ಸಮ ಮಾಡಬೇಕಾಯಿತು. ಹೊಸ ಮಾಲಿಗೆ ಈ ಗತಿ ಬರಬಾರದು.

ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ (ಇ20). ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಅಳತೆಯ ಜೆಟ್ಟಿಗೆ ಮಿಕ್ಸ್ಚರ್ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುವುದಿಲ್ಲ. ಲೋಡ್ ಹೊತ್ತು ಘಾಟಿ ಹತ್ತುವಾಗ ಎಳೆಯುವ ಶಕ್ತಿ ಕುಗ್ಗುತ್ತದೆ, ಎಂಜಿನ್ ಕಾಯುತ್ತದೆ. ನಾನಂತೂ ಜೆಟ್ ಬದಲಿಸಿ, ಏರು ಹತ್ತಿಸಿ, ಪ್ಲಗ್ ಬಿಚ್ಚಿ ನೋಡುತ್ತೇನೆ. ಪ್ಲಗ್ ಬಿಳಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಜಾಸ್ತಿ, ತಿಳಿಗಂದು ಬಣ್ಣಕ್ಕೆ ಬಂದರೆ ಸರಿ.

ನನಗೆ ಹೆಚ್ಚು ಭಯ ಇರುವುದು ರಬ್ಬರಿನ ಬಗ್ಗೆ. ಕಾರ್ಬೊರೇಟರಿಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ನೀಡಲ್ ವಾಲ್ವಿನ ರಬ್ಬರ್ ತುದಿ ಎಥೆನಾಲ್ ತಡೆಯುವಂಥದ್ದಲ್ಲದಿದ್ದರೆ ಉಬ್ಬಿ ಕೆಡುತ್ತದೆ. ಆಮೇಲೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಏರಿ ವಾಲ್ವನ್ನು ಒತ್ತಿದರೂ ಪೆಟ್ರೋಲ್ ನಿಲ್ಲದೆ ಉಕ್ಕಿ ಕಾದ ಎಂಜಿನ್ ಮೇಲೆ ಸುರಿಯುತ್ತದೆ. ಹಿಂದೆ ಮೂಟೆಗಳ ಮೇಲೆ ತೋಟದ ಆಳುಗಳು ಕೂತಿರುತ್ತಾರೆ. ಬೆಂಕಿ ಹತ್ತಿದರೆ ಯಾರು ಹೊಣೆ?

ಪೊಟ್ಟಣದ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ, ಬೆಲೆ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳೇ ಹೇಳುತ್ತವೆ. ಸಂಬಂಧಪಟ್ಟ ಇಲಾಖೆಯವರು ದಿನಸಿ ಅಂಗಡಿಗಳಂತೆ ಬಿಡಿಭಾಗದ ಅಂಗಡಿಗಳನ್ನೂ ತಪಾಸಣೆ ಮಾಡಲಿ. ಜೆಟ್ ನಂಬರ್, ಯಾವ ಎಂಜಿನ್‌ಗೆ ಹೊಂದುತ್ತದೆ, ಇ20 ಪೆಟ್ರೋಲಿಗೆ ಆಗುತ್ತದೋ ಇಲ್ಲವೋ ಎಂಬುದೂ ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚಾಗುವಂತೆ ಸರ್ಕಾರ ಕಡ್ಡಾಯ ಮಾಡಲಿ.

– ಒಬ್ಬ ಜೀಪ್ ಮೆಕ್ಯಾನಿಕ್, ಸಕಲೇಶಪುರ