ಮಳೆಗಾಲಕ್ಕೆ ಮೊದಲು ಮನೆಯ ಹಿಂದಿನ ಧರೆಯನ್ನೊಮ್ಮೆ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮೇ ತಿಂಗಳು ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಮಳೆಗಾಲದ ತಯಾರಿ ಶುರುವಾಗುತ್ತದೆ. ಸೌದೆಯನ್ನು ಕೊಟ್ಟಿಗೆಯ ಪಕ್ಕಕ್ಕೆ ಸೇರಿಸುತ್ತೇವೆ, ಒಡೆದ ಹೆಂಚು ಬದಲಿಸುತ್ತೇವೆ, ಎರಚಲು ಹೊಡೆಯುವ ದಿಕ್ಕಿಗೆ ತಟ್ಟಿ ಕಟ್ಟುತ್ತೇವೆ, ಹಪ್ಪಳ ಸಂಡಿಗೆಯನ್ನು ಡಬ್ಬಿಗೆ ತುಂಬುತ್ತೇವೆ. ಹಿರಿಯರು ಕಲಿಸಿದ ಈ ಕೆಲಸಗಳನ್ನೆಲ್ಲ ತಪ್ಪದೆ ಮಾಡುವ ನಾವು, ಹಿರಿಯರ ಕಾಲದಲ್ಲಿ ಇಲ್ಲದಿದ್ದ ಒಂದು ಅಪಾಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಗುಡ್ಡ ಕಡಿದು ಮನೆ ಕಟ್ಟಿದವರ ಬೆನ್ನಿಗೆ ಗೋಡೆಯಂತೆ ನಿಂತಿರುವ ಧರೆಯೇ, ಅಂದರೆ ಕಡಿದ ಗುಡ್ಡದ ಮಣ್ಣಿನ ಮೈಯೇ, ಆ ಅಪಾಯ. ಅದರ ಬಗ್ಗೆ, ಮತ್ತು ಮನೆಯ ಯಜಮಾನರಾದ ನಾವು ಅದಕ್ಕೆ ಏನು ಮಾಡಬಹುದೆಂಬುದರ ಬಗ್ಗೆ, ಸ್ವಂತ ಅನುಭವದಿಂದ ನಾಲ್ಕು ಮಾತು ಬರೆಯಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

2019ರ ಆಗಸ್ಟ್‌ನ ಆಶ್ಲೇಷಾ ಮಳೆ ಈ ಜಿಲ್ಲೆಯ ಯಾರಿಗೂ ಮರೆತಿರಲಾರದು. ಶಿವಮೊಗ್ಗದಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ ಅದೇ ವಾರ, ನಮ್ಮ ಮನೆಯ ಹಿಂದಿನ ಧರೆ ಬೆಳಗಿನ ಜಾವ ಕುಸಿದು ಬಚ್ಚಲು ಮನೆಯನ್ನು ಹಂಡೆಯ ಸಮೇತ ಮುಚ್ಚಿಹಾಕಿತು. ಅರ್ಧ ಗಂಟೆ ತಡವಾಗಿದ್ದರೆ ನನ್ನ ಹೆಂಡತಿ ಒಲೆಗೆ ಬೆಂಕಿ ಹಾಕಲು ಅಲ್ಲಿಗೆ ಹೋಗಿರುತ್ತಿದ್ದಳು. ಮಳೆ ಹೆಚ್ಚಾಯಿತು, ಧರೆ ಕುಸಿಯಿತು ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ನಿಜ ಹೇಳಬೇಕೆಂದರೆ, ಅದರ ಹಿಂದಿನ ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಬೇಕೆಂದು ಜೆಸಿಬಿ ತರಿಸಿ, ಇದ್ದ ಧರೆಯನ್ನು ಇನ್ನೂ ಐದಡಿ ಹಿಂದಕ್ಕೆ ಕಡಿಸಿದವನು ನಾನೇ. ಒಂದೇ ದಿನದಲ್ಲಿ ಮುಗಿದ ಕೆಲಸವದು. ನನ್ನ ತಂದೆಯ ಕಾಲದಲ್ಲಿ ಅಷ್ಟು ಮಣ್ಣನ್ನು ಗುದ್ದಲಿ ಬುಟ್ಟಿಯಲ್ಲಿ ತೆಗೆಯಲು ತಿಂಗಳುಗಟ್ಟಲೆ ಬೇಕಾಗಿದ್ದುದರಿಂದಲೇ ಯಾರೂ ಅಂಥ ಸಾಹಸಕ್ಕೆ ಹೋಗುತ್ತಿರಲಿಲ್ಲವೋ ಏನೋ. ಗುಡ್ಡ ಇದ್ದ ಹಾಗೆಯೇ ಇರುತ್ತಿತ್ತು, ಮನೆಯನ್ನೇ ಅದಕ್ಕೆ ಹೊಂದಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಿದ್ದರು.

ನಮ್ಮ ಕಡೆಯ ಗುಡ್ಡಗಳ ಮಣ್ಣಿನ ಗುಣ ತಿಳಿದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ನೇರಳೆ ಛಾಯೆಯ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೆ ಜಗ್ಗದಂತೆ ಕಾಣುವ ಈ ಶೇಡಿ, ನೀರು ಕುಡಿದಾಗ ಮುದ್ದೆಯಾಗಿ ಜಾರುತ್ತದೆ. ಗುಡ್ಡವನ್ನು ಮುಟ್ಟದಿದ್ದರೆ ಅದು ಒಳಗೆ ಭದ್ರವಾಗಿ ಮುಚ್ಚಿಕೊಂಡಿರುತ್ತದೆ. ನಾವು ನೇರವಾಗಿ ಕಡಿದಾಗ ಅದರ ಮೈ ಬಯಲಿಗೆ ಬೀಳುತ್ತದೆ, ಎದುರಿನ ಆಸರೆಯೂ ಹೋಗುತ್ತದೆ. ಮೇ ತಿಂಗಳಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ಧರೆಯನ್ನು ನೋಡಿ ‘ಇದು ಕಲ್ಲು, ಏನೂ ಆಗುವುದಿಲ್ಲ’ ಎನ್ನುವವರು ಅದನ್ನು ಆಗಸ್ಟ್‌ನಲ್ಲಿ ಒಮ್ಮೆ ಮುಟ್ಟಿ ನೋಡಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗಲೂ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗಲೂ ಇಳಿಜಾರನ್ನು ಕಡಿದುದರ ಮಾತು ಬಂದಿತ್ತು. ಅವು ದೊಡ್ಡ ದುರಂತಗಳಾದ್ದರಿಂದ ಸುದ್ದಿಯಾದವು. ಒಂದು ಬಚ್ಚಲು ಮನೆ, ಒಂದು ಕೊಟ್ಟಿಗೆ, ಒಂದು ಅಡುಗೆ ಮನೆಯ ಗೋಡೆ ಪ್ರತಿ ಮಳೆಗಾಲದಲ್ಲೂ ಎಲ್ಲೋ ಒಂದು ಕಡೆ ಬೀಳುತ್ತಲೇ ಇರುತ್ತದೆ, ಅದು ಒಳಪುಟದ ಎರಡು ಸಾಲಿಗೆ ಮುಗಿಯುತ್ತದೆ.

ಧರೆಗೆ ಬೀಳುವ ಮಳೆಗಿಂತ, ನಾವೇ ಧರೆಯ ಬುಡಕ್ಕೆ ಹರಿಸುವ ನೀರು ಹೆಚ್ಚು ಕೇಡು ಮಾಡುತ್ತದೆಂಬುದು ನನಗೆ ತಡವಾಗಿ ಅರ್ಥವಾಯಿತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ ಮಾಡು (ಛಾವಣಿ) ಸುಮಾರು 93 ಚದರ ಮೀಟರ್ ಆಗುತ್ತದೆ. ದಿನಕ್ಕೆ 200 ಮಿಲಿಮೀಟರ್ ಸುರಿಯುವುದು ಪುನರ್ವಸು, ಪುಷ್ಯ ಮಳೆಗಳಲ್ಲಿ ಆಗುಂಬೆಯ ಸುತ್ತಿನವರಿಗೆ ಹೊಸದೇನಲ್ಲ. ಹಾಗೆ ಸುರಿದರೆ ಆ ಒಂದು ಮಾಡಿನಿಂದಲೇ ದಿನಕ್ಕೆ 18,600 ಲೀಟರ್ ಇಳಿಯುತ್ತದೆ, ಅಂದರೆ ಮೂರು ನಾಲ್ಕು ಟ್ಯಾಂಕರ್ ನೀರು. ಅದರ ಅರ್ಧದಷ್ಟು ಹಿಂಬದಿಯ ಸೂರಿನಿಂದ ಧರೆಯ ಬುಡಕ್ಕೆ ಬೀಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆಯಾಗುವ ಆಗುಂಬೆಯ ಸೀಮೆಯಲ್ಲಿ, ಅದರ ಕಾಲು ಭಾಗವೂ ಮಳೆ ಕಾಣದ ಶಿವಮೊಗ್ಗ ಪೇಟೆಯ ಮನೆಯ ನಕ್ಷೆಯನ್ನೇ ತಂದು, ಸೂರು ಚಾಚದ ತಾರಸಿ ಮನೆ ಕಟ್ಟಿ, ಮರುವರ್ಷ ಅದರ ಮೇಲೆ ಶೀಟು ಹೊದಿಸುವ ನಮ್ಮ ಬುದ್ಧಿವಂತಿಕೆಗೆ ಏನು ಹೇಳೋಣ?

ಆದ್ದರಿಂದ ಧರೆಯಿರುವ ಮನೆಯವರು ಮೊದಲು ನೀರಿನ ದಾರಿ ನೋಡಬೇಕು. ಧರೆಯ ನೆತ್ತಿಯಿಂದ ಸ್ವಲ್ಪ ಮೇಲೆ ಅಡ್ಡಲಾಗಿ ಅಗಳು ತೆಗೆದು, ಗುಡ್ಡದ ನೀರನ್ನು ಬದಿಗೆ ತಿರುಗಿಸಿ, ಮೊದಲಿನಿಂದಲೂ ಹರಿಯುತ್ತಿದ್ದ ಹಳ್ಳಕ್ಕೇ ಸೇರಿಸಬೇಕು. ಆ ಅಗಳಿನ ತಳ ನೀರು ಇಂಗದಂತೆ ಗಟ್ಟಿಯಾಗಿರಬೇಕು, ವರ್ಷಕ್ಕೆ ಎರಡು ಸಲ ತರಗೆಲೆ ತೆಗೆಯಬೇಕು. ಇಂಗುಗುಂಡಿ ಒಳ್ಳೆಯದೆಂದು ಎಲ್ಲೆಡೆ ಹೇಳುತ್ತಾರೆ, ಒಳ್ಳೆಯದೇ ಹೌದು, ಆದರೆ ಧರೆಯ ನೆತ್ತಿಯ ಮೇಲೆ ಅದನ್ನು ತೋಡುವುದು ತಲೆಯ ಮೇಲೆ ಹಂಡೆ ಇಟ್ಟುಕೊಂಡಂತೆ. ಸೂರಿನಂಚಿಗೆ ಮಾಡಿನ ನೀರು ಹಿಡಿಯುವ ದೋಣಿ ಕಟ್ಟಿ ಅದನ್ನು ಮುಂಬದಿಗೆ ತರಬೇಕು. ತಡೆಗೋಡೆ ಕಟ್ಟಿಸುವವರು ಅದರ ಹಿಂಬದಿಗೆ ಜಲ್ಲಿ ತುಂಬಿಸಿ, ಗೋಡೆಯಲ್ಲಿ ಸಾಲಾಗಿ ನೀರುಕಂಡಿಗಳನ್ನು ಬಿಡಿಸಲೇಬೇಕು. ಕಂಡಿಯಿಲ್ಲದ ಗೋಡೆ ಎಷ್ಟೇ ದಪ್ಪವಿದ್ದರೂ ಹಿಂದೆ ತುಂಬಿದ ನೀರಿನ ಒತ್ತಡಕ್ಕೆ ಬಾಗುತ್ತದೆ, ಕೊನೆಗೆ ಮಣ್ಣಿನ ಜೊತೆಗೆ ಕಾಂಕ್ರೀಟನ್ನೂ ಮನೆಯ ಮೇಲೆ ಬೀಳಿಸಿಕೊಂಡಂತಾಗುತ್ತದೆ. ಗೋಡೆಗೆ ಹಣವಿಲ್ಲದವರು ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಲಾವಂಚ ನೆಡಬಹುದು, ಅದರ ಬೇರು ಆರರಿಂದ ಹತ್ತು ಅಡಿ ಆಳಕ್ಕೆ ನೇರವಾಗಿ ಇಳಿಯುತ್ತದೆ. ನೆಟ್ಟ ಮೊದಲ ಮಳೆಗಾಲಕ್ಕೆ ಮಾತ್ರ ಅದನ್ನು ನಂಬುವಂತಿಲ್ಲ, ಆ ವರ್ಷ ಟಾರ್ಪಾಲು ಹೊದಿಸುವುದೇ ಗತಿ.

ಧರೆ ಹೇಳದೆ ಕೇಳದೆ ಕುಸಿಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಕಾಣುತ್ತದೆ, ಅಲ್ಲಿನ ಮರ ಮನೆಯ ಕಡೆಗೆ ವಾಲುತ್ತದೆ, ಬುಡದಲ್ಲಿ ಹೊಸದಾಗಿ ಒರತೆ ಏಳುತ್ತದೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುತ್ತದೆ, ಸಲೀಸಾಗಿ ಮುಚ್ಚುತ್ತಿದ್ದ ಹಿಂಬಾಗಿಲು ಇದ್ದಕ್ಕಿದ್ದಂತೆ ಹಿಡಿಯತೊಡಗುತ್ತದೆ. ನಮ್ಮ ಮನೆಯಲ್ಲಿ ಬಚ್ಚಲ ಬಾಗಿಲು ಎರಡು ದಿನ ಮೊದಲೇ ಹಿಡಿಯುತ್ತಿತ್ತು. ಮಳೆಗೆ ಮರ ಉಬ್ಬಿದೆಯೆಂದುಕೊಂಡು ನಾನು ಕೀಸುಳಿ ಹುಡುಕುತ್ತಿದ್ದೆ! ಇಂಥ ಗುರುತು ಕಂಡರೆ ಹಿಂಬದಿಯ ಕೋಣೆಗಳಲ್ಲಿ ಮಲಗುವುದನ್ನು ಅಂದೇ ಬಿಡಬೇಕು, ಮಳೆ ಹಿಡಿದಿದ್ದರೆ ಮನೆಯನ್ನೇ ಬಿಟ್ಟು ನೆಂಟರ ಮನೆಗೆ ಹೋಗಬೇಕು. ಕರೆಯದೆ ಹೋಗುವುದು ಹೇಗೆಂಬ ಸಂಕೋಚಕ್ಕೆ ಅದು ಸಮಯವಲ್ಲ.

ಇನ್ನು ವಿಮೆಯ ವಿಷಯ. ಮನೆ ಸಾಲ ಪಡೆಯುವಾಗ ಬ್ಯಾಂಕಿನವರು ಮಾಡಿಸಿದ ವಿಮೆ ನನ್ನ ಹೆಸರಿನಲ್ಲಿತ್ತು, ಅದರ ಪ್ರತಿಯನ್ನು ಮಾತ್ರ ನಾನು ಕಂಡಿರಲಿಲ್ಲ. ಧರೆ ಕುಸಿದ ಮೇಲೆ ಹುಡುಕಿಸಿ ತೆಗೆಸಿದಾಗ, ಭೂಕುಸಿತಕ್ಕೆ ರಕ್ಷಣೆ ಇದೆ ಎಂಬ ಸಾಲನ್ನು ಓದಿ ಸಂತೋಷಪಟ್ಟೆ. ಅದರ ಕೆಳಗೆ, ನೆಲ ಅಗೆತದಿಂದ ಅಥವಾ ಕಟ್ಟಡದ ಕಾಮಗಾರಿಯಿಂದ ಆದ ಕುಸಿತಕ್ಕೆ ಅನ್ವಯಿಸುವುದಿಲ್ಲ ಎಂಬ ಸಾಲೂ ಇತ್ತು. ನೋಡಲು ಬಂದ ಸರ್ವೇಯರ್ ಜೆಸಿಬಿಯ ಹಲ್ಲಿನ ಗುರುತನ್ನು ತೋರಿಸಿ ಸುಮ್ಮನಾದರು. ನನಗೆ ಬಂದದ್ದು ಸೊನ್ನೆ, ಅದರಲ್ಲಿ ಅವರ ತಪ್ಪಿತ್ತೆಂದು ಹೇಳಲಾರೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ವಿಮೆ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಸ್ಫೋಟ, ಗಾಳಿಮಳೆ, ನೆರೆ, ಭೂಕಂಪ, ಭೂಕುಸಿತ, ಕಾಡ್ಗಿಚ್ಚು ಇವೆಲ್ಲ ಅದರಲ್ಲಿ ಸೇರಿವೆ. ವಿಮೆಯ ಮೊತ್ತವನ್ನು ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚಿನ ಮೇಲೆ ಲೆಕ್ಕ ಹಾಕುತ್ತಾರೆಯೇ ಹೊರತು ಜಾಗದ ಬೆಲೆಯ ಮೇಲಲ್ಲ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ರಕ್ಷಣೆ ತಾನಾಗಿ ಸಿಗುತ್ತದೆ. ಚಿನ್ನ ಬೆಳ್ಳಿಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಆದರೆ ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ತುಂಬಿದ ಮಣ್ಣಿನ ಕುಸಿತ, ನದಿಯ ಕೊರೆತ, ಕಳಪೆ ಕಾಮಗಾರಿ, ಅಗೆತ ಇವು ಇಂದಿಗೂ ಹೊರಗೇ ಉಳಿದಿವೆ. ಗುಡ್ಡದ ಒಂದು ಬದಿ ಕಡಿದು, ಆ ಮಣ್ಣನ್ನೇ ಇನ್ನೊಂದು ಬದಿಗೆ ತುಂಬಿ ಸಮತಟ್ಟು ಮಾಡಿ ಮನೆ ಕಟ್ಟುವ ನಮ್ಮವರು ಈ ಭಾಗವನ್ನು ಎರಡು ಸಲ ಓದಿಕೊಳ್ಳಬೇಕು. ಕಳ್ಳತನವೂ ಇದರಲ್ಲಿ ಸೇರಿಲ್ಲ, ವಿಮೆಗೆ ಒಳಪಟ್ಟ ಅವಘಡ ನಡೆದ ಏಳು ದಿನಗಳೊಳಗೆ ಅದರ ಕಾರಣದಿಂದ ಆದ ಕಳವಿಗೆ ಮಾತ್ರ ಪರಿಹಾರ. ಅಟ್ಟದ ಮೇಲಿನ ಅಡಿಕೆ ಚೀಲಗಳನ್ನು ‘ಮನೆ ಸಾಮಾನು’ ಎಂದು ಪರಿಗಣಿಸುತ್ತಾರೆಂದು ನಂಬಿ ಕೂರದೆ, ಅದಕ್ಕೆ ಏನು ವ್ಯವಸ್ಥೆಯೆಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಮೇಲು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲು ಗಣಿಯ ಸ್ಫೋಟಕಗಳು ಸಿಡಿದು ಜಿಲ್ಲೆಯ ಮನೆಗಳು ನಡುಗಿದಾಗ ಭೂಕಂಪವೆಂದು ಹೊರಗೋಡಿ ಬಂದವರು ಎಷ್ಟೋ ಮಂದಿ. ಮರುದಿನ ಗೋಡೆಯಲ್ಲಿ ಬಿರುಕು ಕಂಡು ವಿಮೆಯ ಹಣ ಕೇಳುವವರಿಗೆ ಎದುರಾಗುವ ಮೊದಲ ಪ್ರಶ್ನೆ, ಅದು ಹಳೆಯದೋ ಹೊಸದೋ ಎಂಬುದು. ಪ್ರತಿ ಬೇಸಿಗೆಯಲ್ಲಿ ಮನೆಯ ಒಳಹೊರಗನ್ನು, ಧರೆಯನ್ನು, ಮಾಡನ್ನು ಮೊಬೈಲಿನಲ್ಲಿ ತೆಗೆದು ಬೆಂಗಳೂರಿನಲ್ಲಿರುವ ಮಕ್ಕಳಿಗೆ ಕಳಿಸಿಟ್ಟರೆ ಆ ಪ್ರಶ್ನೆಗೆ ಉತ್ತರವಿರುತ್ತದೆ, ಮಕ್ಕಳಿಗೆ ಊರಿನ ನೆನಪೂ ಆಗುತ್ತದೆ.

ಸಿಡಿಲಿನ ಭಯ ನಮಗೆ ಜುಲೈಗಿಂತ ಭರಣಿ, ಕೃತ್ತಿಕಾ ಮಳೆಗಳಲ್ಲಿ ಹೆಚ್ಚು. ಗುಡುಗು ಕೇಳಿದೊಡನೆ ಟಿವಿ, ಇಂಟರ್ನೆಟ್ ಡಬ್ಬಿ, ಪಂಪಿನ ಪ್ಲಗ್ಗುಗಳನ್ನು ಕಿತ್ತಿಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಅದೇ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆಂಬುದನ್ನು ಮರೆಯುತ್ತೇವೆ, ಅದಕ್ಕೆ ಆಗಾಗ ಎರಡು ಕೊಡ ನೀರು ಹಾಕಬೇಕು. ಗೋಡೆಗೆಲ್ಲ ತೇವ ಏರುವ ಮಳೆಗಾಲಕ್ಕೆ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಪ್ರತಿ ಮನೆಯಲ್ಲಿ ಇರಬೇಕು. ಎಂಸಿಬಿ ಇದೆಯಲ್ಲ ಎಂದು ಅನೇಕರು ಸುಮ್ಮನಿರುತ್ತಾರೆ, ಅದು ತಂತಿಯನ್ನು ಕಾಯುತ್ತದೆ, ಮುಟ್ಟಿದ ಮನುಷ್ಯನನ್ನಲ್ಲ. ಅಂಗಳಕ್ಕೆ ತಂತಿ ಕಡಿದು ಬಿದ್ದರೆ ಕೋಲಿನಿಂದ ಸರಿಸಲು ಹೋಗದೆ 1912ಕ್ಕೆ ಕರೆ ಮಾಡಬೇಕು.

ಗ್ಯಾಸಿನ ಬಗ್ಗೆ ಒಂದೆರಡು ಮಾತು ಸಾಕು. ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಡುತ್ತದೆ. ಚಳಿಗೆಂದು ಬಾಗಿಲು ಕಿಟಕಿಗಳನ್ನೆಲ್ಲ ಬಿಗಿದುಕೊಂಡ ಮನೆಯಲ್ಲಿ, ಪಕ್ಕದ ಬಚ್ಚಲೊಲೆಯಲ್ಲಿ ಕೆಂಡವಿದ್ದರೆ ಏನಾದೀತೆಂದು ಊಹಿಸಬಹುದು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಸೋರಿಕೆಯ ದೂರಿಗೆ 1906 ಇದೆ. ಶಿವಮೊಗ್ಗದ ತುಂಗಾ ತೀರದ ಬಡಾವಣೆಯವರು ಇನ್ನೂ ಒಂದನ್ನು ಗಮನಿಸಬೇಕು. ತುಂಬಿದ ಸಿಲಿಂಡರ್ ಕೂಡ ನೆರೆಯ ನೀರಿನಲ್ಲಿ ತೇಲುತ್ತದೆ, ಆದ್ದರಿಂದ ಮನೆ ಬಿಡುವ ಮೊದಲು ರೆಗ್ಯುಲೇಟರ್ ಬಿಚ್ಚಿ, ಮೇನ್ ಸ್ವಿಚ್ ಆರಿಸಿ ಹೊರಡಬೇಕು. ಶಿವಮೊಗ್ಗದ ಮೇಲ್ಭಾಗದಲ್ಲಿ ತುಂಗೆಗೆ ಕಟ್ಟಿರುವ ಗಾಜನೂರಿನ ಅಣೆಕಟ್ಟು ಚಿಕ್ಕದು. ಅದು ತುಂಬಿದ ಮೇಲೆ ಮೇಲಿನ ಮಳೆಯೆಲ್ಲ ಹಾಗೆಯೇ ಕೆಳಗೆ ಬರುತ್ತದೆ, ಯೋಚಿಸಲು ಹೆಚ್ಚು ಹೊತ್ತು ಸಿಗುವುದಿಲ್ಲ.

2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಬಿದ್ದ ಮೇಲೆ ಕೊಡುವ ಹಣದ ಸಣ್ಣ ಪಾಲನ್ನು ಬೀಳುವ ಮೊದಲೇ ಖರ್ಚು ಮಾಡಬಾರದೇಕೆ ಎಂಬುದು ಜಿಲ್ಲಾಡಳಿತಕ್ಕೆ ನನ್ನ ಪ್ರಶ್ನೆ. ಮನೆ ಕಟ್ಟಲು ಪರವಾನಗಿ ಕೊಡುವಾಗ ಗ್ರಾಮ ಪಂಚಾಯಿತಿಗಳು ರಸ್ತೆಯಿಂದ ಎಷ್ಟು ಅಡಿ ಬಿಟ್ಟಿದ್ದೀರೆಂದು ಕೇಳುತ್ತವೆ. ಧರೆ ಎಷ್ಟು ಎತ್ತರವಿದೆ, ಅದರಿಂದ ಗೋಡೆ ಎಷ್ಟು ದೂರವಿದೆ, ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಈ ಮೂರು ಪ್ರಶ್ನೆಗಳನ್ನು ಅರ್ಜಿಯಲ್ಲಿ ಸೇರಿಸಲು ಹೆಚ್ಚಿನ ಹಣವೇನೂ ಬೇಕಿಲ್ಲ. ಜೊತೆಗೆ ರೋಹಿಣಿ ಮಳೆ ಹಿಡಿಯುವ ಮೊದಲು ಗ್ರಾಮ ಆಡಳಿತಾಧಿಕಾರಿ ಹಾಗೂ ಪಂಚಾಯಿತಿಯ ಎಂಜಿನಿಯರ್ ಒಟ್ಟಿಗೆ ಒಂದು ಸುತ್ತು ಬಂದು, ಅಪಾಯವಿರುವ ಧರೆಗಳನ್ನು ಗುರುತಿಸಿ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಲಿ. ಅಗಳು ತೆಗೆಯುವುದು, ಲಾವಂಚ ನೆಡುವುದು ಮುಂತಾದ ಕೆಲಸಗಳನ್ನು ಉದ್ಯೋಗ ಖಾತರಿಯ ಕೂಲಿಯಲ್ಲಿ ಮಾಡಿಸಲು ಸಾಧ್ಯವೇ ಎಂಬುದನ್ನೂ ಜಿಲ್ಲಾ ಪಂಚಾಯಿತಿ ಪರಿಶೀಲಿಸಲಿ. ನಮ್ಮ ಊರಿನಲ್ಲಿ ಅಂಥ ಸುತ್ತು ಹೊರಟರೆ ಮೊದಲು ನನ್ನ ಮನೆಗೇ ಬರಬಹುದು. ಕಾರು ನಿಲ್ಲಿಸಲೆಂದು ಕಡಿಸಿದ ಜಾಗದಲ್ಲಿ ಈಗ ಎರಡು ಮೆಟ್ಟಿಲಿನ ಲಾವಂಚವಿದೆ, ಕಾರು ರಸ್ತೆಯ ಬದಿಯಲ್ಲಿ ನೆನೆಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಓದುಗ