ಹಸಿರು ಟೋಪಿಯವನ ಫೋಟೋ ಕಳಿಸಲ್ಲ

ಕಿಲ್ಡೇರ್, ಐರ್ಲೆಂಡ್
ಫೆಬ್ರವರಿ 2

ಪ್ರೀತಿಯ ಗೆಳೆಯಾ,

ಹಸಿರು ಟೋಪಿ, ಕೆಂಪು ಗಡ್ಡದ ಆ ಕುಳ್ಳನ ಜತೆ ಫೋಟೋ ತೆಗೆಸಿ ಕಳಿಸು ಅಂದಿದ್ದೆಯಲ್ಲ, ಕಳಿಸಲ್ಲ ಮಾರಾಯ. ಇಲ್ಲಿನ ಜನಪದ ಕಥೆಗಳ ಮಾಯಾ ಕುಳ್ಳ ಆ ಲೆಪ್ರಕಾನ್ ಈಗ ಡಬ್ಲಿನ್ನಿನ ಅಂಗಡಿಗಳಲ್ಲಿ ಕೀಚೈನ್ ಆಗಿ ನೇತಾಡ್ತಾನೆ. ಹಳೇ ಕಥೆಗಳಲ್ಲಿ ಅವನು ಬೇಲಿ ಸಂದಿಯಲ್ಲಿ ಕೂತು ಬೂಟು ಹೊಲಿಯುವ ಒಂಟಿಗ. ಎಷ್ಟೋ ಕಡೆ ಅವನ ಕೋಟೂ ಕೆಂಪೇ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಮೆರವಣಿಗೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಅದು ಬೀದಿಯ ಹಬ್ಬ. ಮನೆಯೊಳಗಿನದು ನೋಡಬೇಕಿದ್ದರೆ ನೀನು ಮೊನ್ನೆ ಇಲ್ಲಿರಬೇಕಿತ್ತು.

ಫೆಬ್ರವರಿ 1 ಇಲ್ಲಿನ ಸಂತ ಬ್ರಿಜಿಡ್‌ಳ ಹಬ್ಬ. ಚಳಿ ಹಾಗೇ ಇದ್ದರೂ ಇವರ ಲೆಕ್ಕದಲ್ಲಿ ಅವತ್ತೇ ವಸಂತ ಶುರು. ಹಿಂದಿನ ಸಂಜೆ ಪಕ್ಕದ ಮನೆ ಅಜ್ಜಿ ಅವಳ ಹೆಸರಿನ ಶಿಲುಬೆ ಹೆಣೆಯೋಕೆ ಕರೆದರು. ಅಡುಗೆಮನೆ ಮೇಜಿನ ಮೇಲೆ ಒಂದು ಹೊರೆ ಹಸಿ ಜೊಂಡು. ಕತ್ತಿ ತಾಗಿಸಬಾರದಂತೆ, ಕೈಯಲ್ಲೇ ಕೀಳಬೇಕಂತೆ. ಒಂದು ಕಡ್ಡಿ ನೆಟ್ಟಗೆ ಹಿಡಿದು, ಇನ್ನೊಂದನ್ನು ನಡುವೆ ಮಡಿಸಿ ಅದಕ್ಕೆ ಸಿಕ್ಕಿಸಬೇಕು. ಕಾಲು ಸುತ್ತು ತಿರುಗಿಸಿ ಮತ್ತೊಂದು. ಹೀಗೇ ನಾಲ್ಕೂ ಕಡೆ ಶಿಲುಬೆಯ ಕೈ ಬೆಳೆಯುತ್ತಾ ಹೋಗುತ್ತೆ, ನಡುವೆ ಚೌಕ ಮೂಡುತ್ತೆ. ನಾನು ಹೆಬ್ಬೆರಳು ಸಡಿಲ ಬಿಟ್ಟೆ ನೋಡು, ಪೂರ್ತಿ ಬಿಚ್ಚಿಕೊಂಡಿತು. ಅಜ್ಜಿ ನಕ್ಕು ಮತ್ತೆ ಮೊದಲಿಂದ ಮಾಡಿಸಿದರು. ಕೊನೆಗೆ ತುದಿಗಳಿಗೆ ದಾರ ಕಟ್ಟಿ ಬಾಗಿಲ ಮೇಲೆ ಸಿಕ್ಕಿಸಿದರೆ ಮನೆಗೆ ಬೆಂಕಿ ಬೀಳಲ್ಲ ಅನ್ನೋ ನಂಬಿಕೆ. ಹುಲ್ಲಿನ ಸೂರು, ಒಳಗೆ ಸದಾ ಉರಿಯುವ ಒಲೆ. ಸೋಗೆಮನೆಯಲ್ಲಿ ಬೆಳೆದ ನಿನಗೆ ಆ ಭಯ ಏನಂತ ನಾನು ಹೇಳಬೇಕಾ?

ಈ ಜೊಂಡಿನ ಶಿಲುಬೆಯೇ 1961ರಿಂದ 1995ರವರೆಗೆ ಇಲ್ಲಿನ ಸರ್ಕಾರಿ ಟೀವಿಯ ಲಾಂಛನವಾಗಿತ್ತು. ಹಬ್ಬಕ್ಕೆ ಸರ್ಕಾರಿ ರಜೆ ಸಿಕ್ಕಿದ್ದು ಮಾತ್ರ 2023ರಲ್ಲಿ!

ಹಿಂದೆಲ್ಲ ಹಬ್ಬದ ಮುನ್ನಾ ರಾತ್ರಿ ಮನೆಯ ಹುಡುಗಿಯೊಬ್ಬಳು ಜೊಂಡಿನ ಕಟ್ಟು ಹಿಡಿದು ಹೊರಗೆ ನಿಲ್ಲುತ್ತಿದ್ದಳಂತೆ. "ಮಂಡಿಯೂರಿ, ಕಣ್ಣು ತೆರೆಯಿರಿ, ಬ್ರಿಜಿಡ್‌ಳನ್ನು ಒಳಗೆ ಬಿಡಿ" ಅಂತ ಕೂಗಿದರೆ, ಒಳಗಿನವರು "ಬಾರಮ್ಮಾ, ಬಾ" ಅಂತ ಕರೆದುಕೊಳ್ಳೋದು. ಅಜ್ಜಿ ಇದನ್ನು ಹೇಳುವಾಗ ಬಾಗಿಲ ಕಡೆಯೇ ನೋಡ್ತಿದ್ದರು.

ಬ್ರಿಜಿಡ್ ಸಂತಳೂ ಹೌದು, ಅದಕ್ಕೂ ಹಿಂದೆ ಕಾವ್ಯ, ಮದ್ದು, ಕಮ್ಮಾರಿಕೆಯ ದೇವತೆಯ ಹೆಸರೂ ಅದೇ. ಇಬ್ಬರನ್ನೂ ಬಿಡಿಸಿ ನೋಡೋ ಗೋಜಿಗೆ ಇಲ್ಲಿ ಯಾರೂ ಹೋಗಲ್ಲ. ಸಂತ ಬ್ರಿಜಿಡ್ ಮಠಕ್ಕೆ ಜಾಗ ಕೇಳಿದಾಗ ರಾಜ, ನಿನ್ನ ಹೊದಿಕೆ ಮುಚ್ಚುವಷ್ಟು ತಗೋ ಅಂದನಂತೆ. ಹಾಸಿದ ಹೊದಿಕೆ ಬೆಳೆದೂ ಬೆಳೆದೂ ಇಲ್ಲಿನ ಇಡೀ ಕರಾ ಬಯಲನ್ನೇ ಮುಚ್ಚಿತಂತೆ. ವಾಮನ ನೆನಪಾದನಾ? ನನಗೂ ಆದ. ಆ ಬಯಲಲ್ಲಿ ಈಗ ಕುರಿ ಮೇಯುತ್ತವೆ, ಕುದುರೆ ಜೂಜು ನಡೆಯುತ್ತೆ. ಇಲ್ಲಿನ ಮಠದಲ್ಲಿ ಒಂದು ಕಾಲಕ್ಕೆ ಹತ್ತೊಂಬತ್ತು ಸನ್ಯಾಸಿನಿಯರು ಸರದಿ ಮೇಲೆ ಬೆಂಕಿ ಕಾಯುತ್ತಿದ್ದರಂತೆ, ಇಪ್ಪತ್ತನೇ ರಾತ್ರಿಯ ಪಾಳಿ ಮಾತ್ರ ಬ್ರಿಜಿಡ್‌ಳದೇ. ಗಂಡಸರು ಬೇಲಿ ದಾಟುವಂತಿರಲಿಲ್ಲ. ಆರಿಹೋಗಿದ್ದ ಆ ಬೆಂಕಿಯನ್ನು 1993ರಲ್ಲಿ ಈ ಊರಲ್ಲೇ ಮತ್ತೆ ಹೊತ್ತಿಸಿದರು.

ನನ್ನ ಶಿಲುಬೆ ಸೊಟ್ಟಗಾಗಿದೆ, ಆದರೂ ಬಾಗಿಲ ಮೇಲೇ ಇದೆ. ಇನ್ನೊಂದು ಪದ್ಧತಿ: ಆ ರಾತ್ರಿ ಒಂದು ಬಟ್ಟೆ ಹೊರಗಿಟ್ಟರೆ ಬ್ರಿಜಿಡ್ ಹಾದುಹೋಗುವಾಗ ಮುಟ್ಟುತ್ತಾಳೆ, ಆಮೇಲೆ ಅದು ತಲೆನೋವಿಗೆ ಮದ್ದು. ಅಮ್ಮ ಕಳಿಸಿದ್ದ ಬೈರಾಸವನ್ನೇ ಬೇಲಿ ಮೇಲೆ ಹಾಕಿದ್ದೆ. ಬೆಳಿಗ್ಗೆ ಮಂಜು ಹಿಡಿದು ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ನಿನ್ನ ಅರೆತಲೆನೋವು ಇನ್ನೂ ಬಿಟ್ಟಿಲ್ಲ ಅಂದ್ರೆ ಬರಿ, ಅರ್ಧ ಹರಿದು ಪೋಸ್ಟ್ ಮಾಡ್ತೀನಿ.

ನಿನ್ನವನೇ